ಕಲ್ಲಿನೊಡನೆ ಬಂದವರು

ಬಳ್ಳಾರಿ ಸೀಮೆಯವರಾದ ನಮಗೂ ಸಮುದ್ರಕ್ಕೂ ಇರುವ ನಂಟು ಅಷ್ಟಕ್ಕಷ್ಟೆ. ಅಡುಗೆಮನೆಯ ಉಪ್ಪು, ಗುಡಿಯಲ್ಲಿ ಊದುವ ಶಂಖ, ಹೆಣ್ಣುಮಕ್ಕಳ ತಾಳಿಸರದಲ್ಲಿ ಕರಿಮಣಿಯ ನಡುವೆ ಪೋಣಿಸಿದ ಹವಳ - ಸಮುದ್ರವು ನಮ್ಮ ರೂಪನಗುಡಿಗೆ ಕಳುಹಿಸಿಕೊಟ್ಟದ್ದು ಇಷ್ಟೇ. ಉಳಿದಂತೆ ನಮ್ಮದು ಎರೆಹೊಲ, ಹತ್ತಿ, ಜೋಳ, ಮೆಣಸಿನಕಾಯಿ. ಮಳೆಗಾಲದಲ್ಲಿ ಕೆಂಪಾಗಿ ಹರಿದು ಬೇಸಿಗೆಯಲ್ಲಿ ಮರಳಿನ ಹಾಸಾಗುವ ಹಗರಿ. ನಾನು ಸಮುದ್ರವನ್ನು ಮೊದಲ ಬಾರಿ ಕಂಡದ್ದು ಮೂವತ್ತೊಂದನೆಯ ವಯಸ್ಸಿನಲ್ಲಿ, ಗೋಕರ್ಣಕ್ಕೆ ಹೋದಾಗ. ಇಂತಹ ನಾನು ಎಪ್ಪತ್ತರ ಸಮೀಪದಲ್ಲಿ ಸಮುದ್ರದ ಹುಳುಹುಪ್ಪಟೆಗಳ ಗುರುತು ಹಿಡಿಯಲು ಕುಳಿತೆನೆಂದರೆ ಊರಿನವರು ನಗುತ್ತಾರೆ. ನಗಲಿ. ಆ ನಾಲ್ಕು ತಿಂಗಳಲ್ಲಿ ಕಲಿತ ಪಾಠವನ್ನು ನಾನು 1987ರಲ್ಲೇ ಕಲಿತಿದ್ದರೆ ನನ್ನ ಮನೆಯಾಕೆಯ ಬಂಗಾರದ ಬಳೆಗಳು ಆಕೆಯ ಕೈಯಲ್ಲೇ ಉಳಿಯುತ್ತಿದ್ದವು.

ನಮ್ಮ ಮಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನಗರದಲ್ಲಿದ್ದಾನೆ. ಕೊರೊನಾ ಕಾಲದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ನಾವು ಮೊಮ್ಮಗನ ಮುಖವನ್ನು ಫೋನಿನ ಗಾಜಿನಲ್ಲಿ ಮಾತ್ರ ಕಂಡಿದ್ದೆವು. 2021ರ ನವೆಂಬರ್ 8ರಿಂದ ಲಸಿಕೆ ಪಡೆದವರಿಗೆ ಅಮೆರಿಕವು ಬಾಗಿಲು ತೆರೆಯಿತು. ಆ ತಿಂಗಳ ಕೊನೆಯಲ್ಲಿ ನಾವಿಬ್ಬರೂ ಹೊರಟೆವು. ಹನ್ನೆರಡು ವರ್ಷದ ಮೊಮ್ಮಗ ಬಾಗಿಲಲ್ಲೇ ಕಾಲಿಗೆರಗಿ, ಕೈಹಿಡಿದು, ಚಪ್ಪಲಿ ಬಿಡುವಷ್ಟೂ ಪುರುಸೊತ್ತು ಕೊಡದೆ ಎಳೆದೊಯ್ದದ್ದು ನಡುಮನೆಯ ಗಾಜಿನ ತೊಟ್ಟಿಯ ಬಳಿಗೆ. ಸುಮಾರು 280 ಲೀಟರ್ ನೀರು ಹಿಡಿಯುವ ತೊಟ್ಟಿ. ಒಳಗೆ ನೀಲಿ ಬೆಳಕು, ಬೂದುಬಣ್ಣದ ಒಡ್ಡೊಡ್ಡಾದ ಕಲ್ಲುಗಳು, ಅವುಗಳ ಮೇಲೆ ಹೂವಿನಂತೆ ಅರಳಿದ ಹವಳಗಳು, ಕೇಸರಿ ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ಎರಡು ಕ್ಲೌನ್ ಮೀನುಗಳು.

ಮೊದಲ ದಿನವೇ ಒಂದು ಸಣ್ಣ ಕಲಹವಾಯಿತು. ಹಾಲು ತೆಗೆಯಲು ಫ್ರಿಜ್ಜು ತೆರೆದ ನನ್ನ ಮನೆಯಾಕೆಗೆ ಮೇಲಿನ ಅರೆಯಲ್ಲಿ ಮಂಜುಗಟ್ಟಿದ ಸೀಗಡಿಯ ಪೊಟ್ಟಣ ಕಂಡಿತು. "ಇದೇನಪ್ಪಾ, ಲಿಂಗಪೂಜೆ ಮಾಡೋ ಮನೆಯಾಗ ಸೀಗಡಿ ತಂದಿಟ್ಟೀಯಲ್ಲ!" ಎಂದು ಆಕೆ ಕೂಗಿದಳು. ಅದು ಮೀನಿನ ಆಹಾರವೆಂದು ಮಗ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಸೊಸೆ ಜಾಣತನದಿಂದ ಕಾರು ನಿಲ್ಲಿಸುವ ಕೋಣೆಯಲ್ಲಿ ಒಂದು ಪುಟ್ಟ ಫ್ರಿಜ್ಜು ಇಡಿಸಿ ಮನೆಯ ಶಾಂತಿಯನ್ನು ಕಾಪಾಡಿದಳು. ಹವಳವೆಂಬುದು ಕಲ್ಲಲ್ಲ, ಗಿಡವಲ್ಲ, ಸೂಜಿಮೊನೆಯಷ್ಟು ಬಾಯುಳ್ಳ ಸಾವಿರಾರು ಪ್ರಾಣಿಗಳು ಒಟ್ಟಾಗಿ ಕಟ್ಟಿಕೊಂಡ ಸುಣ್ಣದ ಮನೆ ಎಂದು ಮೊಮ್ಮಗ ವಿವರಿಸಿದಾಗ ಆಕೆ ತನ್ನ ತಾಳಿಸರದ ಹವಳವನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡು ಬಹಳ ಹೊತ್ತು ಸುಮ್ಮನಿದ್ದಳು. ಆಭರಣದ ಕೆಂಪು ಹವಳದ ಜಾತಿ ಬೇರೆ. ಆದರೂ ಅದೂ ಒಂದು ಪ್ರಾಣಿಯೇ ಕಟ್ಟಿದ್ದು.

ಮಕ್ಕಳ ಆಟಿಕೆಯೆಂದು ನಾನು ತಿಳಿದಿದ್ದ ಆ ತೊಟ್ಟಿಯನ್ನು ನಡೆಸುವುದು ಹೊಲ ಮಾಡಿದಷ್ಟೇ ಕಷ್ಟದ ಕೆಲಸ. ಪ್ರತಿ ಲೀಟರ್ ನೀರಿಗೆ ಸುಮಾರು 35 ಗ್ರಾಂ ಲವಣ ಇರಬೇಕು. ಶಾಖ 25-26 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬೇಕು. ಮೀನಿನ ಹೊಲಸು ನೀರಿನಲ್ಲಿ ಅಮೋನಿಯಾ ಆಗುತ್ತದೆ, ಅದು ವಿಷ. ಆ ವಿಷವನ್ನು ಮೊದಲು ನೈಟ್ರೈಟಾಗಿ, ಆಮೇಲೆ ಅಷ್ಟು ಕೇಡಿಲ್ಲದ ನೈಟ್ರೇಟಾಗಿ ಮಾರ್ಪಡಿಸುವವು ಕಲ್ಲಿನ ಸಂದುಗೊಂದುಗಳಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು. ಆದ್ದರಿಂದಲೇ ಆ ಕಲ್ಲಿಗೆ 'ಜೀವಂತ ಕಲ್ಲು' ಎಂದು ಹೆಸರು. ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬವರು ಹೀಗೆ ಸಮುದ್ರದ ಕಲ್ಲನ್ನೇ ತೊಟ್ಟಿಯಲ್ಲಿಟ್ಟು, ಯಂತ್ರಗಳ ಹೆಚ್ಚಿನ ನೆರವಿಲ್ಲದೆ ಜೀವಿಗಳನ್ನು ಸಾಕಬಹುದೆಂದು 1961ರಲ್ಲಿ ಬರೆದು ಲೋಕಕ್ಕೆ ತಿಳಿಸಿದರಂತೆ.

ಕಲ್ಲು ಎಲ್ಲಿಂದ ಬರುತ್ತದೆಂದು ಕೇಳಿದೆ. ಫ್ಲೋರಿಡಾ ಕಡಲಿನಿಂದ ಸಹಜವಾದ ಕಲ್ಲನ್ನು ಕಿತ್ತು ತರುವುದನ್ನು 1990ರ ದಶಕದಲ್ಲಿ ನಿಷೇಧಿಸಿದ ಬಳಿಕ ಅಲ್ಲಿ ಕೆಲವರು ಸಮುದ್ರದ ತಳವನ್ನು ಗುತ್ತಿಗೆ ಹಿಡಿದು, ಗಣಿಯಿಂದ ತಂದ ಸುಣ್ಣಕಲ್ಲನ್ನು ಅದರಲ್ಲಿ ಹಾಕಿ, ಜೀವ ಹತ್ತುವವರೆಗೆ ಕೆಲವು ವರ್ಷ ಕಾದು, ಆಮೇಲೆ ಎತ್ತಿ ಮಾರುತ್ತಾರೆ. ಕಲ್ಲು ಬಿತ್ತಿ ಕಲ್ಲು ಬೆಳೆಯುವ ರೈತರು! ನಮ್ಮ ದೇಶದಲ್ಲಿ ಹವಳದ ದಿಬ್ಬಕ್ಕೆ ಕೈ ಹಚ್ಚುವಂತಿಲ್ಲ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಿ, ಹುಲಿಗೆ ಇರುವ ರಕ್ಷಣೆಯನ್ನೇ ಕೊಡಲಾಗಿದೆ. ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಮತ್ತು ಕಚ್ ಕೊಲ್ಲಿಗಳಲ್ಲಿ ಹವಳದ ದಿಬ್ಬಗಳಿವೆ. ನಮ್ಮ ಕರ್ನಾಟಕದಲ್ಲಿಯೂ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ ಎಂಬುದನ್ನು ನಾನು ತಿಳಿದದ್ದು ಕ್ಯಾಲಿಫೋರ್ನಿಯಾದಲ್ಲಿ!

ಸಮುದ್ರದಿಂದ ಎತ್ತಿದ ಕಲ್ಲು ಒಂಟಿಯಾಗಿ ಬರುವುದಿಲ್ಲ. ಅದರ ಬಿಲಗಳಲ್ಲಿ, ಬಿರುಕುಗಳಲ್ಲಿ ಯಾರು ಯಾರೋ ಅವಿತುಕೊಂಡು ಬರುತ್ತಾರೆ. ಕೊಂಡವನು ದುಡ್ಡು ಕೊಟ್ಟದ್ದು ಕಲ್ಲಿಗೆ. ಮನೆ ಸೇರುವುದು ಒಂದು ಓಣಿ. ಹಗಲು ಒಬ್ಬರೂ ಕಾಣುವುದಿಲ್ಲ. ರಾತ್ರಿ ದೀಪ ಆರಿದ ಮೇಲೆ ಸಂಚಾರಕ್ಕೆ ಹೊರಡುತ್ತಾರೆ. ಹೀಗೆ ಕರೆಯದೆ ಬಂದವರ ಲೆಕ್ಕವಿಡಲು ಮೊಮ್ಮಗ ಒಂದು ನೋಟುಪುಸ್ತಕ ಮಾಡಿದ್ದ. ಪುಟದಲ್ಲಿ ಮೂರು ಅಂಕಣ: ಒಳ್ಳೆಯವರು, ಕೆಟ್ಟವರು, ಇನ್ನೂ ತಿಳಿಯದವರು. ಮೂರನೆಯ ಅಂಕಣವೇ ಎಲ್ಲಕ್ಕಿಂತ ಉದ್ದವಾಗಿತ್ತು. ಮೂವತ್ತೆಂಟು ವರ್ಷ ಶಾಲೆಯಲ್ಲಿ ಮೇಷ್ಟ್ರಾಗಿದ್ದ ನನಗೆ ಅದು ಹುಡುಗನ ಸೋಮಾರಿತನವೆಂದು ತೋರಿತು. "ಒಂದೋ ಸರಿ, ಇಲ್ಲವೇ ತಪ್ಪು ಎಂದು ಬರೆಯಬೇಕಪ್ಪಾ" ಎಂದೆ. "ಗೊತ್ತಿಲ್ಲದಿದ್ದರೆ ಹೇಗೆ ಬರೆಯೋದು ತಾತ?" ಎಂದ.

ರಾತ್ರಿಯ ಊಟವಾದ ಮೇಲೆ ನಾವಿಬ್ಬರೂ ತೊಟ್ಟಿಯ ಮುಂದೆ ಕುಳಿತುಕೊಳ್ಳುವುದು ರೂಢಿಯಾಯಿತು. ಟಾರ್ಚಿನ ಬಾಯಿಗೆ ಕೆಂಪು ಬಣ್ಣದ ತೆಳು ಹಾಳೆ ಸುತ್ತಬೇಕು. ಸಮುದ್ರದ ಅನೇಕ ಜೀವಿಗಳಿಗೆ ಕೆಂಪು ಬೆಳಕು ಸರಿಯಾಗಿ ಕಾಣುವುದಿಲ್ಲ. ಗಾಜಿನ ಮೇಲೆ ರವೆಯ ಕಾಳಿನಂತೆ ಚಿಮ್ಮುವವು ಕೋಪೆಪಾಡುಗಳು. ಅವು ಪಾಚಿ, ಕೊಳೆಗಳನ್ನು ತಿಂದು ತಾವು ಮೀನಿಗೆ ಆಹಾರವಾಗುತ್ತವೆ. ಕಲ್ಲಿನ ಸಂದಿನಿಂದ ಐದು ತೆಳ್ಳನೆಯ ತೋಳುಗಳನ್ನು ಹೊರಚಾಚಿ ಬೀಸುವುದು ಬ್ರಿಟಲ್ ಸ್ಟಾರ್ ಎಂಬ ನಕ್ಷತ್ರಮೀನಿನ ದಾಯಾದಿ. ಉಳಿದುಬಿದ್ದದ್ದನ್ನು ಗುಡಿಸುವುದು ಅದರ ಕಸುಬು. ಚಪ್ಪಟೆ ಚಿಪ್ಪಿನ ಸ್ಟೊಮಾಟೆಲ್ಲ ಎಂಬ ಬಸವನಹುಳು ಪಾಚಿ ಮೇಯುತ್ತದೆ. ಆದರೆ ಕಲ್ಲಿಗೆ ಅಂಟಿಕೊಂಡೇ ಬದುಕುವ ವರ್ಮೆಟಿಡ್ ಎಂಬ ಇನ್ನೊಂದು ಬಸವನಹುಳು ಲೋಳೆಯ ಬಲೆ ಬೀಸಿ, ಹತ್ತಿರದ ಹವಳಗಳಿಗೆ ಕಿರಿಕಿರಿ ಮಾಡುತ್ತದೆ. ಹೆಸರು ಒಂದೇ, ಗುಣ ಬೇರೆ ಬೇರೆ.

ಏಡಿಗಳ ವಿಷಯವೂ ಹೀಗೆಯೇ. ಮೈತುಂಬ ಕೂದಲು, ಕೊಂಡಿಯ ತುದಿ ಕಪ್ಪು ಇದ್ದರೆ ಹುಷಾರಾಗಿರಬೇಕು. ದೊಡ್ಡದಾದಂತೆ ಅದು ಹವಳವನ್ನೂ ನಿದ್ರಿಸುವ ಮೀನನ್ನೂ ಕೆಣಕಬಹುದು. ಆದರೆ ಪಾಸಿಲೋಪೋರ ಎಂಬ ಹವಳದ ಕೊಂಬೆಗಳ ನಡುವೆ ವಾಸಿಸುವ ಟ್ರಪೀಜಿಯ ಎಂಬ ಪುಟ್ಟ ಏಡಿ ಆ ಹವಳದ ಕಾವಲುಗಾರ. ಮೇಲೆ ಬಿದ್ದ ಹೂಳನ್ನು ಕೆದಕಿ ತೆಗೆಯುತ್ತದೆ. ಹವಳವನ್ನು ತಿನ್ನಲು ಬರುವ ಮುಳ್ಳಿನ ಕಿರೀಟದ ದೊಡ್ಡ ನಕ್ಷತ್ರಮೀನಿನ ಕಾಲುಗಳನ್ನು ಚಿವುಟಿ ಓಡಿಸುತ್ತದೆ. ಏಡಿಯೆಂದ ಮಾತ್ರಕ್ಕೆ ಅದನ್ನು ಕಿತ್ತೆಸೆದರೆ ಹವಳದ ಕಾವಲು ತಪ್ಪಿದಂತೆಯೇ.

ಇವರ ನಡುವೆ ನೋಡಲು ಅಸಹ್ಯವಾದದ್ದು ಒಂದಿತ್ತು. ನಮ್ಮ ಮಳೆಗಾಲದ ಸಾವಿರಕಾಲಿನ ಹುಳುವನ್ನು ನೆನಪಿಸುವ, ಗೇಣುದ್ದದ, ಎರಡೂ ಪಕ್ಕಕ್ಕೆ ಬಿಳಿ ಮುಳ್ಳಿನ ಕುಚ್ಚುಗಳುಳ್ಳ ನಸುಗೆಂಪು ಹುಳು. ಇಂಗ್ಲಿಷಿನಲ್ಲಿ ಬ್ರಿಸಲ್ ವರ್ಮ್ ಎನ್ನುತ್ತಾರೆ. ನಾನು ಮುಳ್ಳುಹುಳು ಎಂದೆ. ಒಮ್ಮೆ ಮಗ ಬರಿಗೈಯಲ್ಲಿ ಕಲ್ಲೆತ್ತಲು ಹೋಗಿ ಅದರ ಮುಳ್ಳು ಚುಚ್ಚಿಸಿಕೊಂಡು ಎರಡು ದಿನ ಉರಿ ಅನುಭವಿಸಿದ್ದ. ಅಂಟುಪಟ್ಟಿ ಹಚ್ಚಿ ಆ ಸೂಕ್ಷ್ಮ ಮುಳ್ಳುಗಳನ್ನು ಕೀಳಬೇಕಾಯಿತು. ಮೊಮ್ಮಗನ ಪುಸ್ತಕದಲ್ಲಿ ಅದು ಮೂರನೆಯ ಅಂಕಣದಲ್ಲಿತ್ತು. ನನ್ನ ಮನಸ್ಸಿನಲ್ಲಿ ಮಾತ್ರ ಮೊದಲ ನೋಟಕ್ಕೇ ಎರಡನೆಯ ಅಂಕಣ ಸೇರಿಬಿಟ್ಟಿತ್ತು.

ಡಿಸೆಂಬರ್ ಎರಡನೆಯ ವಾರದ ಒಂದು ಬೆಳಿಗ್ಗೆ ನಾನು ಪೂಜೆ ಮುಗಿಸಿ ನಡುಮನೆಗೆ ಬಂದಾಗ ಹುಡುಗ ತೊಟ್ಟಿಯ ಮುಂದೆ ನಿಂತು ಬಿಕ್ಕುತ್ತಿದ್ದ. ಎರಡು ಕ್ಲೌನ್ ಮೀನುಗಳಲ್ಲಿ ದೊಡ್ಡದು ಮರಳಿನ ಮೇಲೆ ಸತ್ತು ಬಿದ್ದಿತ್ತು. ಅದರ ಮೈಗೆ ಮೂರು ಮುಳ್ಳುಹುಳುಗಳು ಮುತ್ತಿಕೊಂಡಿದ್ದವು. ಇನ್ನೇನು ಸಾಕ್ಷಿ ಬೇಕು? "ಕಣ್ಣಾರೆ ಕಂಡ ಮೇಲೆ ವಿಚಾರಣೆ ಏಕೆ? ಒಂದನ್ನೂ ಬಿಡಬೇಡಿ" ಎಂದು ತೀರ್ಪು ಕೊಟ್ಟವನು ನಾನೇ. ಮಗ ಅನುಮಾನಿಸಿದ, "ಅಪ್ಪ, ಇವು ಸತ್ತದ್ದನ್ನು ತಿನ್ನೋವು ಅಂತ ಓದಿದ್ದೆ" ಎಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ರಾತ್ರಿ ಕುಳಿತು ಚಿಮಟದಿಂದ ಹದಿನಾಲ್ಕು ಹುಳುಗಳನ್ನು ಹಿಡಿದು ಸಿಹಿನೀರಿನಲ್ಲಿ ಹಾಕಿದೆವು. ಸಮುದ್ರದ ಜೀವಕ್ಕೆ ಸಿಹಿನೀರೇ ಸಾವು. ಮನೆಯಾಕೆ ಅತ್ತ ಮುಖ ತಿರುಗಿಸಿ ಕುಳಿತಿದ್ದಳು. ಹುಡುಗ ಪುಸ್ತಕದಲ್ಲಿ ಮುಳ್ಳುಹುಳುವಿನ ಹೆಸರನ್ನು ಮೂರನೆಯ ಅಂಕಣದಿಂದ ಅಳಿಸಿ ಎರಡನೆಯದರಲ್ಲಿ ಬರೆದ. ನಾನು ಹೇಳಿ ಬರೆಸಿದೆ.

ಹತ್ತು ದಿನಗಳಲ್ಲಿ ಎರಡು ಸಂಗತಿಗಳು ನಡೆದವು. ತೊಟ್ಟಿಯ ನೀರು ಮೊದಲಿನಷ್ಟು ತಿಳಿಯಾಗಿರಲಿಲ್ಲ. ಮೀನು ತಿಂದು ಬಿಟ್ಟ ಆಹಾರ ಕಲ್ಲಿನ ಸಂದುಗಳಲ್ಲಿ ಕೊಳೆತು ಕಲ್ಲಿನ ಮೇಲೆ ಪಾಚಿ ಹಬ್ಬಿತು. ಆಮೇಲೆ ಉಳಿದೊಂದು ಕ್ಲೌನ್ ಮೀನೂ ಕಾಣೆಯಾಯಿತು. ಆಗ ಮೊಮ್ಮಗ ಒಂದು ಮಾತು ಹೇಳಿದ. ಮೊದಲ ಮೀನು ಸಾಯುವ ಮುಂಚಿನಿಂದಲೂ ಬಸವನಹುಳುಗಳ ಚಿಪ್ಪುಗಳು ಒಡೆದ ಚೂರುಗಳಾಗಿ ಒಂದೇ ಕಲ್ಲಿನ ಬುಡದಲ್ಲಿ ಬೀಳುತ್ತಿದ್ದವಂತೆ. ಮುಳ್ಳುಹುಳುವಿಗೆ ಹಲ್ಲೂ ಇಲ್ಲ, ಸುತ್ತಿಗೆಯೂ ಇಲ್ಲ. ಚಿಪ್ಪು ಒಡೆದವರು ಯಾರು?

ವಯಸ್ಸಾದವರಿಗೆ ನಿದ್ರೆ ತೆಳು. ಅದರ ಮೇಲೆ ನನಗೆ ಅಲ್ಲಿಯ ಹಗಲು ರಾತ್ರಿ ಇನ್ನೂ ಪೂರ್ತಿ ಒಗ್ಗಿರಲಿಲ್ಲ. ಅಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ನೀರು ಕುಡಿಯಲು ಎದ್ದಾಗ ತೊಟ್ಟಿಯ ಕಡೆಯಿಂದ 'ಟಕ್' ಎಂಬ ಶಬ್ದ ಕೇಳಿತು. ಗಾಜಿಗೆ ಉಗುರಿನಿಂದ ಬಡಿದಂತೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ 'ಟಕ್, ಟಕ್.' ಬೆಳಿಗ್ಗೆ ಹೇಳಿದೆ. ಮಗ ಇಂತಹ ಶಬ್ದ ಮಾಡುವವರು ಇಬ್ಬರಿದ್ದಾರೆ ಎಂದ. ಒಬ್ಬ ಪಿಸ್ತೂಲು ಸೀಗಡಿ. ಕೊಂಡಿಯನ್ನು ಥಟ್ಟನೆ ಮುಚ್ಚಿ ನೀರಿನಲ್ಲಿ ಗುಳ್ಳೆ ಎಬ್ಬಿಸಿ ಶಬ್ದ ಮಾಡುತ್ತದೆ. ಇದರಲ್ಲಿ ಕೆಲವು ಜಾತಿಗಳಿಗೆ ಕಣ್ಣು ಮಂದ. ಗೋಬಿ ಎಂಬ ಪುಟ್ಟ ಮೀನಿನ ಜೊತೆ ಒಂದೇ ಬಿಲದಲ್ಲಿ ಬಾಳುತ್ತವೆ. ಸೀಗಡಿ ಮನೆ ತೋಡುತ್ತದೆ, ಮೀನು ಬಾಗಿಲು ಕಾಯುತ್ತದೆ. ಇನ್ನೊಬ್ಬ ಮ್ಯಾಂಟಿಸ್ ಸೀಗಡಿ. ಅದರ ಮುಂಗೈ ಸುತ್ತಿಗೆಯಂತೆ. ಈ ಕುಲದ ನವಿಲುಬಣ್ಣದ ಒಂದು ಜಾತಿಯ ಹೊಡೆತವನ್ನು ವಿಜ್ಞಾನಿಗಳು ಅಳೆದು, ವೇಗ ಸೆಕೆಂಡಿಗೆ 23 ಮೀಟರ್ ವರೆಗೆ ಇದೆಯೆಂದು 2004ರಲ್ಲಿ ಪ್ರಕಟಿಸಿದ್ದಾರೆ. ಚಿಪ್ಪು ಒಡೆಯುವುದು ಅದಕ್ಕೆ ಕಡಲೆಕಾಯಿ ಸುಲಿದಂತೆ.

ಶಬ್ದ ಒಂದೇ, ಮಾಡುವವರು ಇಬ್ಬರು. ಈ ಸಲ ನಾನು ತೀರ್ಪು ಕೊಡಲಿಲ್ಲ. ನಾಲ್ಕು ರಾತ್ರಿ ಮೊಮ್ಮಗನೂ ನಾನೂ ಕಂಬಳಿ ಹೊದ್ದು ಕೆಂಪು ಟಾರ್ಚು ಹಿಡಿದು ಕುಳಿತೆವು. ನಾಲ್ಕನೆಯ ರಾತ್ರಿ, ಚಿಪ್ಪಿನ ಚೂರುಗಳು ಬಿದ್ದಿದ್ದ ಕಲ್ಲಿನ ಒಂದು ದುಂಡನೆಯ ತೂತಿನಲ್ಲಿ ಎರಡು ಕಣ್ಣುಗಳು ಕಾಣಿಸಿದವು. ಕಡ್ಡಿಯ ತುದಿಯಲ್ಲಿ ಕೂರಿಸಿದಂತಹ ಕಣ್ಣುಗಳು. ಒಂದು ಇತ್ತ ನೋಡಿದರೆ ಇನ್ನೊಂದು ಅತ್ತ ಹೊರಳುತ್ತಿತ್ತು. "ಮ್ಯಾಂಟಿಸ್, ತಾತ" ಎಂದು ಹುಡುಗ ಪಿಸುಗುಟ್ಟಿದ. ಮರುದಿನ ಮಗ ಆ ಕಲ್ಲನ್ನು ಎತ್ತಿ ಬಕೇಟಿನ ಮೇಲೆ ಹಿಡಿದು, ತೂತಿಗೆ ಪಿಚಕಾರಿಯಿಂದ ಸೋಡಾ ನೀರು ಬಿಟ್ಟ. ಹೊಲದಲ್ಲಿ ಇಲಿಯ ಬಿಲಕ್ಕೆ ಹೊಗೆ ಹಾಕುತ್ತೇವಲ್ಲ, ಹಾಗೆ. ಬೆರಳುದ್ದದ ಹಸಿರು ಜೀವವೊಂದು ಬಕೇಟಿಗೆ ಧುಮುಕಿತು. ಬೆರಳನ್ನು ಹತ್ತಿರ ಒಯ್ಯಲು ಮಗ ಬಿಡಲಿಲ್ಲ. ಮೀನುಗಾರರು ಅದನ್ನು ಹೆಬ್ಬೆರಳು ಸೀಳುವವನು ಎಂದು ಕರೆಯುತ್ತಾರಂತೆ.

ಮೀನನ್ನು ಕೊಂದವನು ಸಿಕ್ಕಿದ. ಆದರೆ ನನ್ನ ಮಾತಿನಿಂದ ಸತ್ತ ಹದಿನಾಲ್ಕು ಹುಳುಗಳು? ಅವು ಬಂದದ್ದು ಹೆಣವನ್ನು ತಿಂದು ನೀರನ್ನು ಶುದ್ಧ ಮಾಡಲು. ಹೆಣದ ಬಳಿ ಇದ್ದದ್ದೇ ಅವುಗಳ ಅಪರಾಧವಾಯಿತು. ಮುಳ್ಳುಹುಳುಗಳಲ್ಲಿ ಹವಳ ತಿನ್ನುವ ಜಾತಿಯೂ ಇದೆ, ಬೆಂಕಿಹುಳು ಎಂದು ಅದಕ್ಕೆ ಹೆಸರು. ತಲೆಯ ಮೇಲಿನ ಮಡಿಕೆ ಮಡಿಕೆಯಾದ ಜುಟ್ಟಿನಿಂದಲೂ ಗಿಲ್ಲುಗಳ ಕೆಂಪು ಕುಚ್ಚಿನಿಂದಲೂ ಅದನ್ನು ಬೇರೆ ಮಾಡಬಹುದು. ನಮ್ಮ ಹುಳುಗಳ ತಲೆಯನ್ನು ನಾವು ನೋಡಿಯೇ ಇರಲಿಲ್ಲ. ಮೊಮ್ಮಗ ಏನೂ ಆಡಿ ತೋರಿಸಲಿಲ್ಲ. ಪುಸ್ತಕ ತೆರೆದು, ಎರಡನೆಯ ಅಂಕಣದ ಹೆಸರಿಗೆ ಗೀಟು ಎಳೆದು, ಮೊದಲನೆಯದರಲ್ಲಿ ಬರೆದು, ನನ್ನ ಮುಂದೆ ಹಿಡಿದ. ಮೇಷ್ಟ್ರ ರುಜು ಬೇಕಿತ್ತು ಅದಕ್ಕೆ.

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. 1987ರ ನೆಲ್ಲಿನ ಗದ್ದೆ ಕಣ್ಣ ಮುಂದೆ ಬಂದಿತು.

ಆಗ ನಾನು ಸಿರುಗುಪ್ಪದ ಕಡೆ, ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರು ಹರಿಯುವ ನಾಲ್ಕು ಎಕರೆ ಗದ್ದೆಯನ್ನು ಗುತ್ತಿಗೆಗೆ ಮಾಡಿದ್ದೆ. ಅದು ನನ್ನ ಮನೆಯಾಕೆಯ ತವರಿನ ನೆಲ. ಪೈರು ಹಸಿರಾಗಿ ನಿಂತಿತ್ತು. ಒಂದು ದಿನ ನೋಡಿದರೆ ಎಲೆಗಳ ಮೇಲೆ ಜೇಡಗಳು, ಬುಡದಲ್ಲಿ ಸಣ್ಣ ಹಸಿರು ತಿಗಣೆಗಳು, ಅಲ್ಲಲ್ಲಿ ಕಂದು ಜಿಗಿಹುಳುಗಳು. ಯಾವುದು ಯಾವುದೆಂದು ಕೇಳುವ ವ್ಯವಧಾನ ನನಗಿರಲಿಲ್ಲ. ನಮ್ಮ ಕಡೆ ಕೀಟನಾಶಕಕ್ಕೆ 'ಎಣ್ಣೆ' ಎಂದೇ ಹೆಸರು. ಅಂಗಡಿಯವರು ಕೊಟ್ಟ ಹೊಸ ಎಣ್ಣೆಯನ್ನು ಹೊಡೆಸಿದೆ. ಎರಡು ದಿನದಲ್ಲಿ ಗದ್ದೆಯಲ್ಲಿ ಒಂದು ಹುಳುವೂ ಇಲ್ಲ. ಹಿಗ್ಗಿದೆ. ಮೂರನೆಯ ವಾರಕ್ಕೆ ಜಿಗಿಹುಳುಗಳು ಮೊದಲಿನ ಹತ್ತರಷ್ಟಾಗಿ ಬಂದವು. ಮತ್ತೆ ಹೊಡೆಸಿದೆ. ಮತ್ತೆ ಬಂದವು. ಮೂರನೆಯ ಸಲ ಹೊಡೆಸುವಷ್ಟರಲ್ಲಿ ಗದ್ದೆಯಲ್ಲಿ ಬೆಂಕಿ ಬಿದ್ದಂತೆ ದುಂಡು ದುಂಡಾಗಿ ಪೈರು ಸುಟ್ಟುಹೋಯಿತು. ಎಣ್ಣೆಯ ಸಾಲ ತೀರಿಸಲು ಬಳ್ಳಾರಿಯಲ್ಲಿ ಮನೆಯಾಕೆಯ ನಾಲ್ಕು ಬಳೆಗಳನ್ನು ಮಾರಿದೆ. ಆಕೆ ಒಂದು ಮಾತೂ ಆಡಲಿಲ್ಲ. ತವರಿಗೆ ಹೋಗುವಾಗ ಸೆರಗನ್ನು ಕೈಮೇಲೆ ಎಳೆದುಕೊಳ್ಳುತ್ತಿದ್ದಳು.

ಬಹಳ ವರ್ಷಗಳ ಮೇಲೆ ಕೃಷಿ ಅಧಿಕಾರಿಯೊಬ್ಬರು ಇದರ ಗುಟ್ಟನ್ನು ಬಿಡಿಸಿ ಹೇಳಿದರು. ಜಿಗಿಹುಳು ಮೊಟ್ಟೆಯಿಡುವುದು ಪೈರಿನ ಎಲೆಕೋಶದ ಒಳಗೆ; ಎಣ್ಣೆ ಅಲ್ಲಿಗೆ ತಲುಪುವುದಿಲ್ಲ. ಸತ್ತವು ಬಯಲಿನಲ್ಲಿದ್ದ ಜೇಡಗಳು ಮತ್ತು ಜಿಗಿಹುಳುವಿನ ಮೊಟ್ಟೆಗಳನ್ನೇ ತಿಂದು ಬದುಕುವ ಹಸಿರು ಮಿರಿಡ್ ತಿಗಣೆಗಳು. ಮೊಟ್ಟೆ ಒಡೆದು ಮರಿಗಳು ಹೊರಬಂದಾಗ ಅವನ್ನು ತಿನ್ನುವವರು ಒಬ್ಬರೂ ಉಳಿದಿರಲಿಲ್ಲ. ಇದೇ ತಪ್ಪನ್ನು ದೇಶಕ್ಕೆ ದೇಶವೇ ಮಾಡಿ ಅನುಭವಿಸಿದ್ದುಂಟು. ಇಂಡೋನೇಷ್ಯಾ ಸರ್ಕಾರವು ಜಿಗಿಹುಳುವಿನ ಕಾಟ ತಾಳಲಾರದೆ 1986ರಲ್ಲಿ 57 ಬಗೆಯ ಕೀಟನಾಶಕಗಳನ್ನು ನೆಲ್ಲಿನ ಬೆಳೆಗೆ ಬಳಸಬಾರದೆಂದು ನಿಷೇಧಿಸಿತು. ಅದಾದ ಮರುವರ್ಷವೇ ನಾನು ನನ್ನ ಕಾವಲುಗಾರರನ್ನು ನನ್ನ ಕೈಯಿಂದಲೇ ಕೊಲ್ಲಿಸಿದ್ದೆ. ಆ ಅಧಿಕಾರಿಯ ಮಾತು ಆಗ ತಲೆಗೆ ಹೋಗಿತ್ತು; ಎದೆಗೆ ಇಳಿದದ್ದು ಫ್ರೀಮಾಂಟಿನ ಆ ರಾತ್ರಿ.

ಮರುವಾರವೇ ಆ ಪಾಠದ ಪರೀಕ್ಷೆ ಬಂದಿತು. ರೂಪನಗುಡಿಯಿಂದ ತಮ್ಮನ ಮಗ ಫೋನು ಮಾಡಿದ. ಮೆಣಸಿನಕಾಯಿಯ ಹೂವೆಲ್ಲ ಉದುರುತ್ತಿದೆ, ನುಸಿ ಬಿದ್ದಿದೆ, ಊರಿನಲ್ಲಿ ನಾಲ್ಕು ಎಣ್ಣೆ ಒಟ್ಟಿಗೆ ಕಲಸಿ ಹೊಡೆಯುತ್ತಿದ್ದಾರೆ, ನಾನೂ ತರಲು ಹೊರಟಿದ್ದೇನೆ, ಸ್ವಲ್ಪ ದುಡ್ಡು ಬೇಕು ದೊಡ್ಡಪ್ಪ ಎಂದ. ಅವನ ದನಿ ನಡುಗುತ್ತಿತ್ತು. ಬ್ಯಾಡಗಿ ಮಾರುಕಟ್ಟೆಯ ಬೆಲೆಯನ್ನು ನಂಬಿ ಮಾಡಿದ ಬೆಳೆ. ನಾನು ಕೇಳಿದೆ: "ನುಸಿ ಎಲೆಯ ಕೆಳಗಿದೆಯೋ, ಹೂವಿನೊಳಗಿದೆಯೋ? ಬಣ್ಣ ಯಾವುದು? ಮೊದಲು ಚಿತ್ರ ತೆಗೆದು ಕಳಿಸು." ಬಂದ ಚಿತ್ರದಲ್ಲಿ ಒಂದೊಂದು ಹೂವಿನೊಳಗೂ ಎಳ್ಳಿಗಿಂತ ಸಣ್ಣ ಕಪ್ಪು ಜೀವಗಳು ಕಿಕ್ಕಿರಿದಿದ್ದವು. ನಮ್ಮ ಹಳೆಯ ನುಸಿ ಎಲೆಯ ರಸ ಹೀರಿ ಎಲೆ ಮುದುಡಿಸುತ್ತದೆ. ಇದು ಬೇರೆ. ಇದೂ ಕರೆಯದೆ ಬಂದ ಅತಿಥಿಯೇ. ಆಗ್ನೇಯ ಏಷ್ಯಾದ ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಈ ಕೀಟವನ್ನು ಭಾರತದಲ್ಲಿ ಮೊದಲು ಗುರುತಿಸಿ 2015ರಲ್ಲಿ ವರದಿ ಮಾಡಿದ್ದು ಬೆಂಗಳೂರಿನ ಪರಂಗಿ ಗಿಡಗಳ ಮೇಲೆ. 2021ರ ಕೊನೆಗೆ ಆಂಧ್ರ, ತೆಲಂಗಾಣ ಮತ್ತು ನಮ್ಮ ಬಳ್ಳಾರಿ ಸೀಮೆಯ ಮೆಣಸಿನ ಹೊಲಗಳನ್ನು ಅದು ಹಾಳುಮಾಡಿತು.

ತಿಳಿದವರನ್ನು ವಿಚಾರಿಸಿದಾಗ ಅವರೂ ಅದನ್ನೇ ಹೇಳಿದರು. ಎಲ್ಲ ಎಣ್ಣೆಗಳನ್ನೂ ಕಲಸಿ ಮೇಲಿಂದ ಮೇಲೆ ಹೊಡೆದರೆ ನುಸಿ ಹೆಚ್ಚುವುದೇ ಹೊರತು ಕಡಿಮೆಯಾಗದು. ನೀಲಿ ಬಣ್ಣದ ಅಂಟುಹಾಳೆಗಳನ್ನು ಕಟ್ಟಬೇಕು, ಬೇವಿನೆಣ್ಣೆ ಬಳಸಬೇಕು, ಔಷಧಿ ಬೇಕೇ ಬೇಕಾದರೆ ಶಿಫಾರಸು ಮಾಡಿದ ಒಂದನ್ನು ಮಾತ್ರ ಹಿತಮಿತವಾಗಿ ಹೊಡೆಯಬೇಕು. ಹುಡುಗ ಹಾಗೆ ಮಾಡಿದ. ಬೆಳೆ ಉಳಿಯಿತೆಂದು ನಾನು ಸುಳ್ಳು ಹೇಳಲಾರೆ; ಅರ್ಧಕ್ಕಿಂತ ಹೆಚ್ಚು ಹೋಯಿತು. ಆದರೆ ನಾಲ್ಕು ಎಣ್ಣೆಗಳಿಗೆ ಮಾಡಬೇಕಿದ್ದ ಸಾಲ ತಪ್ಪಿತು. ಅವನ ಹೆಂಡತಿಯ ಕೈಬಳೆಗಳು ಕೈಯಲ್ಲಿಯೇ ಇವೆ.

ಹಾಗೆಂದು ಕರೆಯದೆ ಬಂದವರೆಲ್ಲ ಸಾಧುಗಳೆಂದು ನಾನು ಹೇಳುತ್ತಿಲ್ಲ. ಅದೇ ತೊಟ್ಟಿಯಲ್ಲಿ ಐಪ್ಟೇಸಿಯಾ ಎಂಬ ಗಾಜಿನಂತಹ ಕಡಲಹೂವೊಂದು ಇತ್ತು. ನೋಡಲು ಚೆಲುವೆ, ಆದರೆ ಹತ್ತಿರದ ಹವಳಗಳನ್ನು ಕುಟುಕುತ್ತದೆ. ಚಾಕುವಿನಿಂದ ಕೆರೆದರೆ ಉಳಿದ ಚೂರು ಚೂರೂ ಹೊಸ ಗಿಡವಾಗುತ್ತದೆ. ಗರಿಕೆಯನ್ನು ನೇಗಿಲಿನಿಂದ ಕತ್ತರಿಸಿದಂತೆ. ಅದನ್ನು ತಿನ್ನುವ ಪೆಪ್ಪರ್‌ಮಿಂಟ್ ಸೀಗಡಿಯನ್ನು ತಂದು ಬಿಟ್ಟ ಮೇಲೆಯೇ ಅದು ಅಡಗಿತು. ನಮ್ಮ ಹೊಲದ ಬದುಗಳನ್ನು ನುಂಗಿರುವ ಪಾರ್ಥೇನಿಯಂ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದು, ಹೊರದೇಶದ ಗೋಧಿಯೊಡನೆ ಬಂದಿತೆಂದು ಹೆಸರಾದದ್ದು. ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಶತ್ರುವನ್ನು ಸರಿಯಾಗಿ ಗುರುತಿಸಿದವರಿಗೆ ಮಾತ್ರ ಅದರ ಶತ್ರು ಸಿಗುತ್ತದೆ.

ಬಕೇಟಿನಲ್ಲಿದ್ದ ಮ್ಯಾಂಟಿಸ್ ಸೀಗಡಿಯನ್ನು ಏನು ಮಾಡುವುದೆಂಬ ಪ್ರಶ್ನೆ ಉಳಿಯಿತು. ಹತ್ತಿರದ ಸಮುದ್ರಕ್ಕೆ ಬಿಟ್ಟರಾಯಿತು ಎಂದೆ. ಮಗ ಬೇಡವೆಂದ. ತೊಟ್ಟಿಯಲ್ಲಿ ಬೆಳೆಸುವ ಕಾಲರ್ಪ ಎಂಬ ಕಡಲ ಪಾಚಿಯೊಂದು 1984ರಲ್ಲಿ ಮೊನಾಕೊ ತೀರದಲ್ಲಿ ಕಾಣಿಸಿಕೊಂಡು ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ಹಬ್ಬಿತು. 2000ದಲ್ಲಿ ಅದೇ ಪಾಚಿ ಕ್ಯಾಲಿಫೋರ್ನಿಯಾದ ಹಿನ್ನೀರಿನಲ್ಲೂ ಕಂಡು, ಪೂರ್ತಿ ನಿರ್ಮೂಲ ಮಾಡಲು 2006ರವರೆಗೆ ಹೆಣಗಬೇಕಾಯಿತು. ಆದ್ದರಿಂದ ತೊಟ್ಟಿಯ ಜೀವವನ್ನಾಗಲಿ ನೀರನ್ನಾಗಲಿ ಕಡಲಿಗೆ ಚೆಲ್ಲಬಾರದು. ಕೊಲ್ಲಲು ಹುಡುಗನಿಗೆ ಮನಸ್ಸಿಲ್ಲ. ಕೊನೆಗೆ ದಾರಿ ತೋರಿಸಿದವಳು ಸೀಗಡಿಯ ಪೊಟ್ಟಣ ಕಂಡು ಕೂಗಿದ್ದ ಅವನ ಅಜ್ಜಿಯೇ. "ಅದಕ್ಕೂ ಒಂದು ಮನೆ ಮಾಡಿ ಕೊಡ್ರಿ. ಅದರ ತಿನಿಸು ಅದು ತಿಂತೈತಿ. ಅದೇನು ಬೇಕಂತ ಬಂತೇನು?" ಎಂದಳು. ಒಂದು ಪುಟ್ಟ ತೊಟ್ಟಿ ಬಂತು. ಮ್ಯಾಂಟಿಸ್ ಅದರಲ್ಲಿ ಒಂಟಿಯಾಗಿ, ರಾಜನಂತೆ ವಾಸಿಸತೊಡಗಿತು.

ನಾವು 2022ರ ಮಾರ್ಚ್ ಕೊನೆಯಲ್ಲಿ ಊರಿಗೆ ಮರಳಿದೆವು. ಹೊರಡುವ ಹೊತ್ತಿಗೆ ಅಳಿದುಳಿದ ಮುಳ್ಳುಹುಳುಗಳು ಮತ್ತೆ ಹೆಚ್ಚಿ, ಕಲ್ಲಿನ ಸಂದುಗಳು ಸ್ವಚ್ಛವಾಗಿ, ನೀರು ತಿಳಿಯಾಗಿತ್ತು. ಹೊಸದಾಗಿ ತಂದ ಎರಡು ಕ್ಲೌನ್ ಮೀನುಗಳು ನೆಮ್ಮದಿಯಿಂದ ಈಜುತ್ತಿದ್ದವು. ಬೆಂಗಳೂರಿನಿಂದ ಬರುವಾಗಲೇ ನಾನು ಎರಡು ನೂರು ಪುಟದ ಒಂದು ನೋಟುಪುಸ್ತಕ ಕೊಂಡುಕೊಂಡೆ. ಈಗ ಅದು ನಮ್ಮ ಹೊಲದ ಮನೆಯಲ್ಲಿದೆ. ಗುಲಗಂಜಿ ಹುಳು, ಜೇಡ, ಏರೋಪ್ಲೇನ್ ಚಿಟ್ಟೆ, ಹೆಸರು ಗೊತ್ತಿಲ್ಲದ ತಿಗಣೆ, ಎಲ್ಲವನ್ನೂ ತಮ್ಮನ ಮಗನೂ ನಾನೂ ಕಂಡಂತೆ ಬರೆಯುತ್ತೇವೆ. ತಿಳಿಯದಿದ್ದರೆ ಚಿತ್ರ ತೆಗೆದು ತಿಳಿದವರನ್ನು ಕೇಳುತ್ತೇವೆ. ಪುಟದಲ್ಲಿ ಮೂರು ಅಂಕಣ ಗೀಟಿದ್ದೇನೆ. ಮೂರನೆಯದು ಈಗಲೂ ಎಲ್ಲಕ್ಕಿಂತ ಉದ್ದವಾಗಿದೆ. ಅದರಲ್ಲಿ ಹೆಸರಿರುವವರೆಗೆ ಯಾರ ಮೇಲೂ ನಾವು ಪಂಪು ಎತ್ತುವುದಿಲ್ಲ.